ದುಡಿಯುವವರಿಗೆ ಕಂಪ್ಯೂಟರ್ ಕಲಿಸುವುದು ಹೇಗೆ? ಮುಂಬೈಯ ಸಂಜೆ ತರಗತಿಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಬೈಯ ಕನ್ನಡ ಸಂಘ, ರಾತ್ರಿ ಶಾಲೆ, ಮಹಿಳಾ ಮಂಡಳಿಗಳು ನಡೆಸುವ ಕಂಪ್ಯೂಟರ್ ತರಗತಿಗಳ ಕತೆ ಹೆಚ್ಚುಕಡಿಮೆ ಒಂದೇ. ಮೊದಲ ವಾರ ಕುರ್ಚಿ ಸಾಲುವುದಿಲ್ಲ. ಎರಡನೇ ತಿಂಗಳಿಗೆ ಅರ್ಧ ಕೋಣೆ ಖಾಲಿ. ಕೊನೆಯವರೆಗೂ ಬಂದು ಸರ್ಟಿಫಿಕೇಟ್ ತೆಗೆದುಕೊಂಡವರೂ ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಮತ್ತೆ ಸೈಬರ್ ಸೆಂಟರ್‌ಗೇ ಹೋಗುತ್ತಾರೆ.

"ಇವರಿಗೆ ತಲೆಗೆ ಹತ್ತುವುದಿಲ್ಲ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಏಕಕಾಲಕ್ಕೆ ಐದಾರು ಟೇಬಲ್‌ಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟುಕೊಳ್ಳುವ ಸಪ್ಲೈಯರ್‌ಗೆ ಸೇವ್ ಬಟನ್ ನೆನಪಿರುವುದಿಲ್ಲವೇ? ತಪ್ಪಿರುವುದು ಪಾಠದ ಕ್ರಮ. ಇನ್‌ಪುಟ್, ಔಟ್‌ಪುಟ್, ಕಂಪ್ಯೂಟರಿನ ತಲೆಮಾರುಗಳು ಎಂದು ಎರಡು ವಾರ ಕಳೆದರೆ ದಣಿದು ಬಂದವರು ಯಾಕೆ ಉಳಿಯಬೇಕು? ಅವರಿಗೆ ಬೇಕಾದ ಕೆಲಸ ಮೊದಲು ಬರಲಿ, ಆ ಕೆಲಸಕ್ಕೆ ಬೇಕಾದ ಬಟನ್ ಆಮೇಲೆ. ವಿವರಣೆ ಕೊನೆಗೆ. ಈ ಮಾರ್ಗದರ್ಶಿ ಪೂರ್ತಿ ಆ ಕ್ರಮದಲ್ಲೇ ಇದೆ. 12 ವಾರ, ವಾರಕ್ಕೆ 3 ದಿನ, ದಿನಕ್ಕೆ ಒಂದೂವರೆ ಗಂಟೆ ಎಂದು ಲೆಕ್ಕ ಇಟ್ಟುಕೊಳ್ಳಿ.

## ಹಂತ 1: ಸೇರಿಸಿಕೊಳ್ಳುವ ಮೊದಲು ಮಾತಾಡಿಸಿ

ಫಾರ್ಮ್ ಕೊಟ್ಟು ಫೀಸ್ ತೆಗೆದುಕೊಂಡು ಕಳಿಸಬೇಡಿ. ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಕೂತು ಮೂರು ಪ್ರಶ್ನೆ ಕೇಳಿ. ಮುಂದಿನ ಎರಡು ತಿಂಗಳಲ್ಲಿ ಕಂಪ್ಯೂಟರ್‌ನಲ್ಲಿ ಯಾವ ಕೆಲಸ ಮಾಡಬೇಕಾಗಿದೆ? ಈಗ ಆ ಕೆಲಸ ಯಾರಿಂದ ಮಾಡಿಸುತ್ತಿದ್ದೀರಿ? ವಾರದಲ್ಲಿ ಯಾವ ದಿನ ಖಂಡಿತ ಬರಲು ಆಗುವುದಿಲ್ಲ?

ಉತ್ತರಗಳು ಬೇರೆ ಬೇರೆ ಬರುತ್ತವೆ. ಕ್ಯಾಂಟೀನ್ ನೋಡಿಕೊಳ್ಳುವವರಿಗೆ ತಿಂಗಳ ಲೆಕ್ಕ ಬೇಕು. ಡೊಂಬಿವಲಿಯ ಗೃಹಿಣಿಗೆ ಬ್ಲೌಸ್ ಹೊಲಿಗೆಯ ಬಿಲ್ ಬೇಕು. ಹನ್ನೆರಡನೇ ಕ್ಲಾಸ್ ಮುಗಿಸಿದ ಹುಡುಗನಿಗೆ ಬ್ಯಾಂಕ್ ಪರೀಕ್ಷೆಯ ಅರ್ಜಿ ತುಂಬಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ಅಭ್ಯಾಸದ ಪಾಠಗಳು ಹುಟ್ಟುವುದು ಇಲ್ಲಿಂದಲೇ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಕಂಪ್ಯೂಟರ್ ಆನ್ ಮಾಡಿ, ನಿಮ್ಮ ಹೆಸರು ಟೈಪ್ ಮಾಡಿ, ಸೇವ್ ಮಾಡಿ, ಮುಚ್ಚಿ, ಮತ್ತೆ ಅದೇ ಫೈಲ್ ತೆರೆಯಿರಿ. ಎಲ್ಲಿ ನಿಲ್ಲುತ್ತಾರೆ ಎಂದು ಸುಮ್ನೆ ನೋಡಿ, ತಿದ್ದಬೇಡಿ. ಮೌಸ್ ಹಿಡಿಯಲು ಬಾರದವರನ್ನೂ ಫೈಲ್ ಮತ್ತೆ ತೆರೆದವರನ್ನೂ ಒಂದೇ ಗುಂಪಿಗೆ ಹಾಕಿದರೆ ಇಬ್ಬರೂ ಬಿಟ್ಟುಹೋಗುತ್ತಾರೆ. ಒಬ್ಬರು ನಾಚಿಕೆಯಿಂದ, ಇನ್ನೊಬ್ಬರು ಬೇಸರದಿಂದ.

ಒಂದು ಗುಂಪಿಗೆ 10ರಿಂದ 12 ಜನ ಸಾಕು. ಕಲಿಸುವವರು ಒಬ್ಬರು, ಸಹಾಯಕರು ಒಬ್ಬರು. ಸಹಾಯಕರಿಲ್ಲದಿದ್ದರೆ 6 ಜನರಿಗಿಂತ ಜಾಸ್ತಿ ಬೇಡ.

## ಹಂತ 2: ಹೊತ್ತು, ಜಾಗ

"ಸಂಜೆ 6ಕ್ಕೆ" ಎಂಬುದು ಕಲಿಸುವವರ ಅನುಕೂಲ. ಹೋಟೆಲಿನವರಿಗೆ ಅದು ಗಿರಾಕಿ ತುಂಬುವ ಹೊತ್ತು. ಅವರಿಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಸುಮಾರು ಮೂರೂವರೆಯಿಂದ ಐದರವರೆಗೆ. ಅಂಗಡಿ ಮುಚ್ಚಿದ ಮೇಲೆ ಬರುವವರಿಗೆ ರಾತ್ರಿ 9ರ ಮೇಲೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಅಕ್ಕಂದಿರಿಗೆ ಬೆಳಗ್ಗೆ. ಒಂದೇ ತರಗತಿಯಲ್ಲಿ ಎಲ್ಲರನ್ನೂ ಹಿಡಿಯಲು ಹೋಗಬೇಡಿ.

ಭಾನುವಾರದ ತರಗತಿ ನೋಡಲು ಚೆನ್ನ. ಆದರೆ ಸೆಂಟ್ರಲ್ ಮತ್ತು ಹಾರ್ಬರ್ ಲೈನ್‌ಗಳಲ್ಲಿ ಭಾನುವಾರ ಹಗಲು ಮೆಗಾ ಬ್ಲಾಕ್, ಅಂದರೆ ದುರಸ್ತಿಗೆಂದು ರೈಲು ನಿಲ್ಲಿಸುವುದು ಮಾಮೂಲು. ಥಾಣೆ, ಕಲ್ಯಾಣ ಕಡೆಯಿಂದ ಬರುವವರು ಅರ್ಧ ಪಾಠ ಕಳೆದ ಮೇಲೆ ಬರುತ್ತಾರೆ, ಎರಡು ಸಲ ಹಾಗಾದರೆ ಬರುವುದನ್ನೇ ಬಿಡುತ್ತಾರೆ. ಜುಲೈ ತಿಂಗಳ ಮಳೆ, ಗಣಪತಿ ಹಬ್ಬದ ದಿನಗಳು, ಊರಿಗೆ ಹೋಗುವ ಏಪ್ರಿಲ್-ಮೇ, ಇವನ್ನೆಲ್ಲ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಪ್ರತಿ ನಾಲ್ಕನೇ ವಾರ ಒಂದು ದಿನ ಹೊಸ ಪಾಠ ಮಾಡದೆ ತಪ್ಪಿಸಿಕೊಂಡವರಿಗಾಗಿ ಬಿಡಿ. ಈ ಒಂದು ಏರ್ಪಾಡು ಇಲ್ಲದ್ದರಿಂದಲೇ ಬಹಳ ಜನ ಹಿಂದೆ ಬಿದ್ದು ಬಿಟ್ಟುಹೋಗುವುದು.

## ಹಂತ 3: ಯಂತ್ರ ಮತ್ತು ಸಾಮಾನು

ಲ್ಯಾಪ್‌ಟಾಪ್‌ಗಿಂತ ಡೆಸ್ಕ್‌ಟಾಪ್ ಒಳ್ಳೆಯದು. ದೊಡ್ಡ ಪರದೆ, ಪೂರ್ತಿ ಕೀಬೋರ್ಡ್, ನಿಜವಾದ ಮೌಸ್ ಸಿಗುತ್ತದೆ. ಲ್ಯಾಪ್‌ಟಾಪ್ ದಾನವಾಗಿ ಬಂದಿದ್ದರೆ ಹೊರಗಿನಿಂದ ಮೌಸ್ ಹಾಕಿ. ಟಚ್‌ಪ್ಯಾಡ್‌ನಲ್ಲಿ ಕಲಿಕೆ ಶುರುಮಾಡಿಸಬೇಡಿ.

ಗ್ರಾಂಟ್ ರೋಡ್ ಪಕ್ಕದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಹಳೆಯ ಆಫೀಸ್ ಯಂತ್ರಗಳು ಸಿಗುತ್ತವೆ. ಕೊಳ್ಳುವಾಗ ಒಂದು ವಿಷಯ ಕಟ್ಟುನಿಟ್ಟಾಗಿ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ, ಇಂಟೆಲ್ ಆದರೆ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅಗ್ಗಕ್ಕೆ ಸಿಕ್ಕಿತು ಎಂದು ಅದಕ್ಕಿಂತ ಹಳೆಯದನ್ನು ತಂದರೆ ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಳ್ಳಬೇಕಾಗುತ್ತದೆ. ಲಿನಕ್ಸ್ ಕೆಟ್ಟದ್ದಲ್ಲ. ಆದರೆ ನಿಮ್ಮ ಗುಂಪು ಮಹಾರಾಷ್ಟ್ರದ ಸರ್ಕಾರಿ ನೌಕರಿಗೆ ಕೇಳುವ ಎಂಎಸ್-ಸಿಐಟಿ ಕಂಪ್ಯೂಟರ್ ಪರೀಕ್ಷೆಗೆ ಹೋಗುವುದಾದರೆ ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಆಫೀಸ್‌ನಲ್ಲೇ ಕೈ ಪಳಗಬೇಕು. ರ‍್ಯಾಮ್ 8 ಜಿಬಿ ಇರಲಿ, ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ.

ಒಂದು ಯಂತ್ರಕ್ಕೆ ಇಬ್ಬರಿಗಿಂತ ಜಾಸ್ತಿ ಬೇಡ. ಮೂರನೆಯವರು ಬರೀ ನೋಡಿಕೊಂಡು ಮನೆಗೆ ಹೋಗುತ್ತಾರೆ. ಇಬ್ಬರಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಕುರ್ಚಿ ಬದಲಾಯಿಸಿ, ಗಡಿಯಾರ ನೋಡಿಯೇ ಬದಲಾಯಿಸಿ. ಇಲ್ಲದಿದ್ದರೆ ಚುರುಕಾದವರ ಕೈಯಲ್ಲೇ ಮೌಸ್ ಉಳಿಯುತ್ತದೆ. ಗಂಡಹೆಂಡತಿ ಜೊತೆಗೆ ಸೇರಿದ್ದರೆ ಬೇರೆ ಬೇರೆ ಯಂತ್ರಕ್ಕೆ ಕೂರಿಸಿ.

ಉಳಿದಂತೆ ಬೇಕಾದ್ದು: ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ, ಒಂದು ಪ್ರಿಂಟರ್, ಹೆಸರು ಬರೆದ ಪೆನ್‌ಡ್ರೈವ್‌ಗಳು, ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿದ ಅಭ್ಯಾಸದ ಹಾಳೆ.

ಇನ್ನೊಂದು ಸಾಮಾನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ಅದು ಕನ್ನಡಕ. ನಲವತ್ತು ದಾಟಿದವರಲ್ಲಿ ಹಲವರಿಗೆ ಪರದೆಯ ಸಣ್ಣ ಅಕ್ಷರ ಕಾಣುವುದಿಲ್ಲ. ಕಾಣುವುದಿಲ್ಲ ಎಂದು ಹೇಳುವುದೂ ಇಲ್ಲ. ಗೊತ್ತಾಗುತ್ತಿಲ್ಲ ಎನ್ನುತ್ತಾರೆ, ನೀವು ಮತ್ತೆ ಅದನ್ನೇ ವಿವರಿಸುತ್ತೀರಿ. ಮೊದಲ ದಿನವೇ ಅಕ್ಷರದ ಅಳತೆಯನ್ನೂ ಮೌಸ್ ಬಾಣದ ಅಳತೆಯನ್ನೂ ಸೆಟ್ಟಿಂಗ್‌ನಲ್ಲಿ ದೊಡ್ಡದು ಮಾಡಿಡಿ, ಓದುವ ಕನ್ನಡಕ ತರಲು ಎಲ್ಲರಿಗೂ ಹೇಳಿ.

## ಹಂತ 4: ಒಂದು ಪಾಠವನ್ನು ನಡೆಸುವ ರೀತಿ

90 ನಿಮಿಷವನ್ನು ಹೀಗೆ ಹಂಚಿ. ಮೊದಲ 10 ನಿಮಿಷ, ಕಳೆದ ಪಾಠದ ಕೆಲಸವನ್ನು ಹಾಳೆ ನೋಡದೆ ಮಾಡುವುದು. ಮುಂದಿನ 10 ನಿಮಿಷ ನೀವು ಮಾಡಿ ತೋರಿಸುವುದು. ಆಗ ಯಾರ ಕೈಯೂ ಕೀಬೋರ್ಡ್ ಮೇಲೆ ಇರಬಾರದು. ಆಮೇಲೆ 25 ನಿಮಿಷ ಎಲ್ಲರೂ ನಿಮ್ಮ ಜೊತೆ ಹೆಜ್ಜೆ ಹೆಜ್ಜೆಯಾಗಿ. ನಂತರ 35 ನಿಮಿಷ ಅದೇ ಕೆಲಸ, ಆದರೆ ಬೇರೆ ವಿಷಯದ ಮೇಲೆ, ಒಬ್ಬೊಬ್ಬರೇ. ಕೊನೆಯ 10 ನಿಮಿಷ ಸೇವ್, ಸೈನ್ ಔಟ್, ಯಂತ್ರ ಮುಚ್ಚುವುದು.

ಈ 35 ನಿಮಿಷವನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ನಿಮ್ಮ ಜೊತೆ ಮಾಡಿದಾಗ ಎಲ್ಲರಿಗೂ ಬಂದಂತೆ ಕಾಣುತ್ತದೆ. ಒಬ್ಬರೇ ಕೂತಾಗ ಬಂದಿಲ್ಲದ್ದು ತಿಳಿಯುತ್ತದೆ.

ಬಟನ್ ಒತ್ತುವ ಮೊದಲು ಏನಾಗಬಹುದು ಎಂದು ಕೇಳಿ. "ಈಗ ಡಿಲೀಟ್ ಒತ್ತಿದರೆ ಎಲ್ಲಿ ಹೋಗುತ್ತೆ, ಅಣ್ಣಾ?" ಉತ್ತರ ತಪ್ಪಾದರೂ ಪರವಾಗಿಲ್ಲ. ಊಹಿಸಿ ಒತ್ತಿದವರು ಪರದೆ ನೋಡುತ್ತಾರೆ. ಹೇಳಿದಂತೆ ಒತ್ತಿದವರು ನಿಮ್ಮ ಮುಖ ನೋಡುತ್ತಾರೆ.

ಕಲಿಯುವವರ ಮೌಸನ್ನು ನೀವು ಹಿಡಿಯಲೇಬೇಡಿ. ಸಹಾಯಕರಿಗೂ ಇದೇ ನಿಯಮ. ಎರಡು ಸೆಕೆಂಡಿನಲ್ಲಿ ನೀವೇ ಮಾಡಿಬಿಡಬಹುದು, ಗೊತ್ತು. ಆದರೆ ಅವರ ಕೈಗೆ ಅದು ಬರುವುದಿಲ್ಲ, ಮುಂದಿನ ಸಲವೂ ನಿಮ್ಮನ್ನೇ ಕರೆಯುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ದಾರಿ ಹೇಳಿ: "ಮೇಲೆ ಎಡಮೂಲೆ ನೋಡಿ ಅಕ್ಕಾ. ಫೈಲ್ ಅಂತ ಇದೆಯಲ್ವಾ? ಅದನ್ನ ಒಂದು ಸಲ ಒತ್ತಿ." ಬಟನ್‌ಗಳ ಹೆಸರನ್ನು ಪರದೆಯ ಮೇಲೆ ಇರುವಂತೆಯೇ ಹೇಳಿ.

## ಹಂತ 5: ಕೈ ಪಳಗಿಸುವುದು (1ನೇ ವಾರ)

ಡಬಲ್ ಕ್ಲಿಕ್ ಬಹಳ ಜನರಿಗೆ ಕಷ್ಟ. ಎರಡು ಒತ್ತುಗಳ ನಡುವೆ ಮೌಸ್ ಸರಿದುಬಿಡುತ್ತದೆ, ಫೋಲ್ಡರ್ ತೆರೆಯುವ ಬದಲು ಜಾಗ ಬದಲಾಯಿಸುತ್ತದೆ. ಮೌಸ್ ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ವೇಗ ಕಡಿಮೆ ಮಾಡಿ. ಆದರೂ ಆಗದವರಿಗೆ ಒಂದು ಸಲ ಕ್ಲಿಕ್ ಮಾಡಿ ಎಂಟರ್ ಒತ್ತಲು ಹೇಳಿಕೊಡಿ. ಎಡಗೈಯವರನ್ನು ಬಲಗೈಗೆ ಒತ್ತಾಯಿಸಬೇಡಿ.

ಎಳೆದು ಬಿಡುವುದಕ್ಕೆ ಸಾಲಿಟೇರ್ ಇಸ್ಪೀಟು ಆಟ ಒಳ್ಳೆಯ ಅಭ್ಯಾಸ. ಕೀಬೋರ್ಡ್‌ನ ಎಫ್ ಮತ್ತು ಜೆ ಮೇಲೆ ಬೆರಳಿಗೆ ತಾಗುವ ಸಣ್ಣ ಉಬ್ಬು ಇದೆ, ತೋರುಬೆರಳುಗಳು ಅಲ್ಲಿಗೆ ಬರಬೇಕು ಎಂದು ಮೊದಲ ದಿನವೇ ತೋರಿಸಿ. ಕಂಟ್ರೋಲ್ ಜೊತೆ ಜೆಡ್ ಒತ್ತಿದರೆ ಮಾಡಿದ್ದು ಹಿಂದಕ್ಕೆ ಬರುತ್ತದೆ ಎಂಬುದನ್ನೂ ಅದೇ ದಿನ. ಕೆಟ್ಟುಹೋದರೆ ಎಂಬ ಭಯ ಹೋದರೆ ಅರ್ಧ ಕೆಲಸ ಆದಂತೆ. ಬೇಕೆಂದೇ ಒಂದು ಪ್ಯಾರಾ ಅಳಿಸಿ, ವಾಪಸ್ ತರಲು ಹೇಳಿ.

## ಹಂತ 6: ಫೈಲ್ ಎಲ್ಲಿ ಹೋಯಿತು? (2ರಿಂದ 4ನೇ ವಾರ)

ಬಹುತೇಕ ತರಗತಿಗಳು ಸೋಲುವುದು ಇಲ್ಲಿ. ಫೋನ್‌ನಲ್ಲಿ ಫೋಟೋ ತೆಗೆದರೆ ಗ್ಯಾಲರಿಯಲ್ಲಿ ತಾನಾಗಿ ಬರುತ್ತದೆ. ಎಲ್ಲಿ ಇಡಬೇಕು ಎಂದು ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಕೇಳುತ್ತದೆ, ಇವರು ಓದದೆ ಓಕೆ ಒತ್ತುತ್ತಾರೆ. ಮರುದಿನ ಶುರುವಾಗುತ್ತದೆ: "ಸರ್, ನಿನ್ನೆ ಮಾಡಿದ್ದು ಹೋಯ್ತು." ಹೋಗಿರುವುದಿಲ್ಲ. ಡಾಕ್ಯುಮೆಂಟ್1, ಡಾಕ್ಯುಮೆಂಟ್2 ಎಂಬ ಹೆಸರಲ್ಲಿ ಎಲ್ಲೋ ಕೂತಿರುತ್ತದೆ.

ಇದನ್ನು ಅಡುಗೆಮನೆಯ ಡಬ್ಬಿಗಳ ಹಾಗೆ ವಿವರಿಸಿ. ಡಬ್ಬಿಗೆ ಹೆಸರು ಬೇಕು, ಯಾವ ಅಟ್ಟದಲ್ಲಿ ಇಟ್ಟೆವು ಎಂದು ಗೊತ್ತಿರಬೇಕು, ಒಳಗೆ ಏನಿದೆ ಎಂದೂ ತಿಳಿದಿರಬೇಕು. ಸೇವ್ ಮಾಡುವಾಗಲೂ ಈ ಮೂರೇ ಪ್ರಶ್ನೆ: ಹೆಸರೇನು, ಎಲ್ಲಿ, ಯಾವ ಬಗೆ? ಓಕೆ ಒತ್ತುವ ಮೊದಲು ಮೂರಕ್ಕೂ ಜೋರಾಗಿ ಉತ್ತರ ಹೇಳಿಸಿ. ಮೊದಮೊದಲು ನಾಚಿಕೊಳ್ಳುತ್ತಾರೆ. ಆಮೇಲೆ ತಾವೇ ಪಕ್ಕದವರನ್ನು ಕೇಳಲು ಶುರುಮಾಡುತ್ತಾರೆ.

ಕಲಿಸುವ ಕ್ರಮ ಹೀಗಿರಲಿ.

ಮೊದಲು, ಪ್ರತಿಯೊಬ್ಬರೂ ತಮ್ಮ ಹೆಸರಿನ ಒಂದು ಫೋಲ್ಡರ್ ಮಾಡಲಿ. ಎರಡನೆಯದಾಗಿ, ಅದರೊಳಗೆ ಲೆಕ್ಕ, ಪತ್ರ, ಫೋಟೋ ಎಂದು ಮೂರು. ಮೂರನೆಯದಾಗಿ, ಒಂದು ಪತ್ರ ಟೈಪ್ ಮಾಡಿ ಸರಿಯಾದ ಜಾಗಕ್ಕೆ ಸೇವ್. ನಾಲ್ಕನೆಯದು ಮುಖ್ಯ: ವರ್ಡ್ ಪೂರ್ತಿ ಮುಚ್ಚಿ, ಫೋಲ್ಡರ್ ಮೂಲಕ ನಡೆದುಹೋಗಿ ಫೈಲ್ ತೆರೆಯುವುದು. "ರೀಸೆಂಟ್" ಪಟ್ಟಿಯಿಂದ ತೆರೆಯಲು ಬಿಡಬೇಡಿ. ಐದನೆಯದಾಗಿ, ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಇನ್ನೊಂದು ಯಂತ್ರದಲ್ಲಿ ತೆರೆಯುವುದು.

ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್, ಕಾಣುವಂತೆ ಮಾಡಿಡಿ. ಪಿಡಿಎಫ್ ಯಾವುದು, ಫೋಟೋ ಯಾವುದು ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಎಚ್ಚರಿಕೆ: ಯಂತ್ರ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಸೈನ್ ಇನ್ ಆಗಿದ್ದರೆ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಫೋಲ್ಡರ್‌ಗಳು ಸದ್ದಿಲ್ಲದೆ ಅಲ್ಲಿಗೆ ಸೇರಿಕೊಂಡಿರಬಹುದು. ತರಗತಿಯ ಯಂತ್ರದಲ್ಲಿ ಯಾರದ್ದೋ ಖಾತೆ ಇದ್ದರೆ ಎಲ್ಲರ ಕಾಗದಪತ್ರವೂ ಅವರ ಖಾತೆಗೆ ಹೋಗುತ್ತದೆ. ಮೊದಲ ದಿನದ ಮುಂಚೆಯೇ ಪರೀಕ್ಷಿಸಿ.

ಇನ್ನೊಂದು ಸಾಮಾನ್ಯ ತಪ್ಪು, ಎಲ್ಲರೂ ದಿನಾ ಒಂದೇ ಕುರ್ಚಿಯಲ್ಲಿ ಕೂರುವುದು. ಅವರು ಕಲಿಯುವುದು ಕಂಪ್ಯೂಟರನ್ನಲ್ಲ, ಆ ಪರದೆಯ ಮೇಲೆ ಯಾವ ಚಿತ್ರ ಎಲ್ಲಿದೆ ಎಂಬುದನ್ನು. ವಾರಕ್ಕೊಮ್ಮೆ ಯಂತ್ರ ಬದಲಾಯಿಸಿ, ಐಕಾನ್‌ಗಳ ಜಾಗವನ್ನೂ ಬದಲಾಯಿಸಿ. ತಡವರಿಸಿದರೆ ಒಳ್ಳೆಯದೇ. ತರಗತಿಯಲ್ಲಿ ತಡವರಿಸಿದವರು ಆಫೀಸಿನಲ್ಲಿ ತಡವರಿಸುವುದಿಲ್ಲ.

## ಹಂತ 7: ಕನ್ನಡದಲ್ಲಿ ಟೈಪ್ ಮಾಡುವುದು (5ನೇ ವಾರ)

ಫೋನ್‌ನಲ್ಲಿ ಕನ್ನಡ ಬರೆಯುವವರಿಗೂ ಕಂಪ್ಯೂಟರ್‌ನಲ್ಲಿ ಬರುವುದಿಲ್ಲ. ಯಾವ ಕೀಬೋರ್ಡ್ ಕಲಿಸಬೇಕು ಎಂಬುದು ಅವರ ಕೆಲಸದ ಮೇಲೆ ನಿಲ್ಲುತ್ತದೆ. ಊರಿಗೆ, ಸಂಘಕ್ಕೆ ಆಗೊಮ್ಮೆ ಈಗೊಮ್ಮೆ ಪತ್ರ ಬರೆಯುವವರಿಗೆ ವಿಂಡೋಸ್‌ನಲ್ಲೇ ಇರುವ ಕನ್ನಡ ಫೋನೆಟಿಕ್, ಅಂದರೆ ಇಂಗ್ಲಿಷ್ ಅಕ್ಷರದ ಉಚ್ಚಾರದಂತೆ ಕನ್ನಡ ಹೊಡೆಯುವ ಕೀಬೋರ್ಡ್, ಸಾಕು. ಕರ್ನಾಟಕದಲ್ಲಿ ನೌಕರಿಗೆ ಹೋಗುವವರಿಗೆ ನುಡಿ ತಂತ್ರಾಂಶದ ವಿನ್ಯಾಸ.

ಮುಂಬೈಯಲ್ಲೇ ಬದುಕು ಕಟ್ಟಿಕೊಳ್ಳುವ ಹುಡುಗ ಹುಡುಗಿಯರಿಗೆ ನಾನು ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಹೇಳುತ್ತೇನೆ. ಅದರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಅಕ್ಷರದ ಜಾಗ ಒಂದೇ. ಕನ್ನಡದ ಕ ಇರುವ ಕೀಲಿಯಲ್ಲೇ ಮರಾಠಿಯ ಕ. ಒಂದನ್ನು ಕಲಿತರೆ ಇನ್ನೊಂದಕ್ಕೆ ಕೈ ಅರ್ಧ ಸಿದ್ಧವಾಗಿರುತ್ತದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ.

ಒತ್ತಕ್ಷರದಲ್ಲಿ ಎಲ್ಲರೂ ಎಡವುತ್ತಾರೆ. "ಅಮ್ಮ" ಎಂಬ ಪದದಿಂದ ಶುರುಮಾಡಿ. ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಹಿಡಿದು ಡಿ ಒತ್ತಿದರೆ ಅ. ಸಿ ಒತ್ತಿದರೆ ಮ. ಬರೀ ಡಿ ಒತ್ತಿದರೆ ಅದು ಮ್ ಆಗುತ್ತದೆ. ಮತ್ತೆ ಸಿ ಒತ್ತಿದಾಗ ಎರಡನೇ ಮ ಕೆಳಗೆ ಹೋಗಿ ಕೂರುತ್ತದೆ. ಇದನ್ನು ನಿಧಾನವಾಗಿ, ಒಂದೊಂದೇ ಕೀಲಿಗೆ ನಿಲ್ಲಿಸಿ ತೋರಿಸಿ. ಅಕ್ಷರ ಕಣ್ಣೆದುರು ಬದಲಾಗುವುದನ್ನು ಒಮ್ಮೆ ನೋಡಿದರೆ ಅಕ್ಕ, ಅಪ್ಪ, ಅಣ್ಣ ತಾವೇ ಬರೆಯುತ್ತಾರೆ.

ಎರಡು ಎಚ್ಚರಿಕೆಗಳಿವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ವಾಟ್ಸಾಪ್‌ಗೆ ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯಾವ ಯಂತ್ರದಲ್ಲೂ ಫೋನ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಎರಡನೆಯದು, ಕೀಬೋರ್ಡ್ ಕನ್ನಡದಲ್ಲಿ ಉಳಿದಿರುವಾಗ ಪಾಸ್‌ವರ್ಡ್ ಹೊಡೆದರೆ ತಪ್ಪು ಎಂದು ಬರುತ್ತಲೇ ಇರುತ್ತದೆ. ಚುಕ್ಕೆಗಳು ಮಾತ್ರ ಕಾಣುವುದರಿಂದ ಕಾರಣ ಗೊತ್ತಾಗುವುದಿಲ್ಲ. ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಭಾಷೆಯ ಗುರುತು ನೋಡಿ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬದಲಾಯಿಸಲು ಕಲಿಸಿ.

## ಹಂತ 8: ಆನ್‌ಲೈನ್ ಅರ್ಜಿ (6 ಮತ್ತು 7ನೇ ವಾರ)

ನಿಜವಾದ ಸರ್ಕಾರಿ ಜಾಲತಾಣದಲ್ಲಿ ಅಭ್ಯಾಸ ಬೇಡ. ಅದೇ ತರಹದ ಪ್ರಶ್ನೆಗಳಿರುವ ಒಂದು ಗೂಗಲ್ ಫಾರ್ಮ್ ಮಾಡಿ, ಅದರಲ್ಲಿ ತಪ್ಪು ಮಾಡಲು ಬಿಡಿ.

ಹೆಸರಿನ ಸಮಸ್ಯೆ ನಮ್ಮವರಿಗೆ ವಿಶೇಷ. ಮಹಾರಾಷ್ಟ್ರದ ಫಾರ್ಮ್‌ಗಳು ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು (ಸರ್‌ನೇಮ್) ಎಂದು ಮೂರು ಜಾಗ ಕೊಡುತ್ತವೆ. ಊರಲ್ಲಿ ಓದಿದವರ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು, ಮುಂದೆ ಒಂದೋ ಎರಡೋ ಇನಿಷಿಯಲ್, ಅಷ್ಟೇ. ಒಂದೊಂದು ಕಡೆ ಒಂದೊಂದು ರೀತಿ ಬರೆದು ಕೊನೆಗೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅರ್ಜಿ ತೆರೆಯುವ ಮೊದಲು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಮೂರನ್ನೂ ಮೇಜಿನ ಮೇಲಿಟ್ಟು ಸ್ಪೆಲ್ಲಿಂಗ್ ಹೋಲಿಸಲು ಹೇಳಿ. ವ್ಯತ್ಯಾಸ ಇದ್ದರೆ ದಾಖಲೆ ಮೊದಲು ಸರಿಯಾಗಲಿ, ಅರ್ಜಿ ಆಮೇಲೆ.

ಇನ್ನು ಫೋಟೋ. ಬ್ಯಾಂಕ್ ನೌಕರಿಯ ಐಬಿಪಿಎಸ್ ಅರ್ಜಿಗೆ ಫೋಟೋ 20ರಿಂದ 50 ಕೆಬಿ ಒಳಗೆ, ಸಹಿ 10ರಿಂದ 20 ಕೆಬಿ ಒಳಗೆ ಇರಬೇಕು. ಫೋನ್‌ನ ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದು. ಸೈಬರ್ ಸೆಂಟರ್‌ನವರು ದುಡ್ಡು ತೆಗೆದುಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಪೇಂಟ್ ತೆರೆದು, ಬೇಕಾದಷ್ಟು ಭಾಗ ಕ್ರಾಪ್ ಮಾಡಿ, ರೀಸೈಜ್‌ನಲ್ಲಿ ಪಿಕ್ಸೆಲ್ ಆರಿಸಿ 200ಕ್ಕೆ 230 ಹಾಕಿ, ಜೆಪಿಜಿ ಆಗಿ ಬೇರೆ ಹೆಸರಲ್ಲಿ ಸೇವ್. ಆಮೇಲೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಕೆಬಿ ನೋಡುವುದು. ಇದೊಂದು ಪಾಠಕ್ಕೆ ಪೂರ್ತಿ ಒಂದು ದಿನ ಕೊಡಿ. ಇದು ಬಂದ ದಿನ ಅವರ ಮುಖ ನೋಡಬೇಕು ನೀವು.

ಇಮೇಲ್ ಖಾತೆಯನ್ನು ಅವರದ್ದೇ ನಂಬರಿನಿಂದ ಮಾಡಿಸಿ. ಹಲವರ ಇಮೇಲ್ ಯಾವುದೋ ಅಂಗಡಿಯವರ ಮೊಬೈಲ್ ನಂಬರಿಗೆ ಕಟ್ಟಿರುತ್ತದೆ. ಪಾಸ್‌ವರ್ಡ್ ಮರೆತ ದಿನ ಖಾತೆಯೇ ಹೋಯಿತು. ಅರ್ಜಿ ಕಳಿಸಿದ ಮೇಲೆ ಬರುವ ಅರ್ಜಿ ಸಂಖ್ಯೆಯ ಪುಟವನ್ನು ಪಿಡಿಎಫ್ ಆಗಿ ಸೇವ್ ಮಾಡಿ ತಮ್ಮ ಫೋಲ್ಡರ್‌ನಲ್ಲಿ ಇಡುವುದೂ ಅರ್ಜಿಯ ಭಾಗವೇ.

## ಹಂತ 9: ಎಕ್ಸೆಲ್‌ನಲ್ಲಿ ಲೆಕ್ಕ (8ರಿಂದ 10ನೇ ವಾರ)

ಪುಸ್ತಕದ ಉದಾಹರಣೆ ಬಿಡಿ, ಅವರದ್ದೇ ಲೆಕ್ಕ ತರಿಸಿ. ಒಂದು ತಿಂಗಳ ಹಾಲು, ತರಕಾರಿ, ಗ್ಯಾಸ್, ಕೂಲಿ. ತಾರೀಖು, ವಿವರ, ಮೊತ್ತ ಎಂಬ ಮೂರು ಕಾಲಂ ಸಾಕು.

ಒಂದು ತರಗತಿಯಲ್ಲಿ ಕ್ಯಾಂಟೀನ್ ನಡೆಸುವ ಅಣ್ಣ ಒಬ್ಬರು ವಾರದ ಖರ್ಚು ತುಂಬಿ ಸಮ್ ಸೂತ್ರ ಹಾಕಿದರು. "ಟೋಟಲ್ ಕಮ್ಮಿ ಬರ್ತಿದೆ ಸರ್, ಬಾಯಿಲೆಕ್ಕದಲ್ಲಿ ಜಾಸ್ತಿ ಇದೆ" ಎಂದರು. ಪರದೆ ನೋಡಿದರೆ ಎರಡು ಸಾಲಿನಲ್ಲಿ 250 ಎಂದು ಬರೆಯುವ ಬದಲು "250 ರೂ" ಎಂದು ಬರೆದಿದ್ದರು. ಅಕ್ಷರ ಸೇರಿದ ಕೂಡಲೇ ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಬರಹ. ಕೂಡಿಸುವಾಗ ಸುಮ್ನೆ ಬಿಟ್ಟುಬಿಡುತ್ತದೆ, ತಪ್ಪು ಎಂದೂ ಹೇಳುವುದಿಲ್ಲ. ಗುರುತಿಸುವುದು ಸುಲಭ: ಸಂಖ್ಯೆ ಕೋಶದ ಬಲಕ್ಕೆ ಅಂಟಿಕೊಳ್ಳುತ್ತದೆ, ಬರಹ ಎಡಕ್ಕೆ. ಮೊತ್ತದ ಕಾಲಂನಲ್ಲಿ ಎಡಕ್ಕೆ ಕೂತದ್ದು ಕಂಡರೆ ಅಲ್ಲೇ ತೊಂದರೆ. ಈ ತಪ್ಪನ್ನು ನೀವೇ ಒಂದು ಹಾಳೆಯಲ್ಲಿ ಬಚ್ಚಿಟ್ಟು ಹುಡುಕಲು ಕೊಡಿ. ಬಾಯಿಲೆಕ್ಕ ಚೆನ್ನಾಗಿರುವವರು ಬೇಗ ಹಿಡಿಯುತ್ತಾರೆ. ಹೋಟೆಲು, ಅಂಗಡಿಯವರ ಈ ಶಕ್ತಿಯನ್ನು ತರಗತಿಯಲ್ಲಿ ಚೆನ್ನಾಗಿ ಬಳಸಿಕೊಳ್ಳಿ: ಮೊದಲು ಬಾಯಲ್ಲಿ ಅಂದಾಜು, ಆಮೇಲೆ ಸೂತ್ರ.

ತಾರೀಖಿನಲ್ಲೂ ಇಂಥದ್ದೇ ಮೋಸ. ಯಂತ್ರದ ಪ್ರದೇಶ ಅಮೆರಿಕ ಎಂದಿದ್ದರೆ 05-06 ಎಂಬುದು ಜೂನ್ 5ರ ಬದಲು ಮೇ 6 ಆಗುತ್ತದೆ. ರೀಜನ್ ಸೆಟ್ಟಿಂಗ್ ಭಾರತ ಎಂದು ಇರಲಿ.

ಉದ್ದದ ಸಂಖ್ಯೆಗಳಿಗೂ ಎಚ್ಚರ ಬೇಕು. 022 ಎಂದು ಹೊಡೆದರೆ 22 ಆಗುತ್ತದೆ. 12 ಅಂಕಿಯ ಆಧಾರ್ ಸಂಖ್ಯೆ ನಡುವೆ ಇ ಅಕ್ಷರ ಬಂದು ವಿಚಿತ್ರವಾಗಿ ಕಾಣುತ್ತದೆ. 15 ಅಂಕಿ ದಾಟಿದ ಖಾತೆ ಸಂಖ್ಯೆಯಾದರೆ ಕೊನೆಯ ಅಂಕಿ ಸೊನ್ನೆಯಾಗಿ ನಿಜಕ್ಕೂ ಕಳೆದುಹೋಗುತ್ತದೆ, ಮತ್ತೆ ಬರುವುದಿಲ್ಲ. ಸಂಬಳದ ಪಟ್ಟಿ ಮಾಡುವವರಿಗೆ ಇದು ದೊಡ್ಡ ಅಪಾಯ. ಟೈಪ್ ಮಾಡುವ ಮೊದಲೇ ಆ ಕಾಲಂನ ಬಗೆಯನ್ನು ಟೆಕ್ಸ್ಟ್ ಎಂದು ಬದಲಾಯಿಸಬೇಕು.

ವ್ಯಾಪಾರದ ಲೆಕ್ಕ ಇಡುವ ಟ್ಯಾಲಿ ತಂತ್ರಾಂಶ ಯಾವಾಗ ಎಂದು ಹಲವರು ಕೇಳುತ್ತಾರೆ. ಜಮಾ ಖರ್ಚಿನ ತಿಳುವಳಿಕೆ ಬರದೆ ಬೇಡ.

## ಹಂತ 10: ಮೋಸದಿಂದ ಪಾರಾಗುವುದು (ಪ್ರತಿ ವಾರ)

ಇದನ್ನು ಕೊನೆಯ ವಾರದ ಭಾಷಣ ಮಾಡಬೇಡಿ. ಪ್ರತಿ ವಾರ ಐದು ನಿಮಿಷ, ಒಂದು ಮೋಸದ ಮೆಸೇಜ್ ಪರದೆ ಮೇಲೆ ಹಾಕಿ "ಇದರಲ್ಲಿ ಏನು ಸರಿಯಿಲ್ಲ?" ಎಂದು ಕೇಳಿ.

ಎಲ್ಲರ ಬಾಯಿಗೂ ಬರಬೇಕಾದ ಮಾತುಗಳಿವು. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು, ತೆಗೆದುಕೊಳ್ಳಲು ಅಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ, ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. ಮದುವೆ ಕಾಗದ ಎಂದು ವಾಟ್ಸಾಪ್‌ನಲ್ಲಿ ಬಂದ ಫೈಲಿನ ಬಾಲ ಎಪಿಕೆ ಎಂದಿದ್ದರೆ ಮುಟ್ಟಬಾರದು, ಅದು ಕಾಗದವಲ್ಲ, ಫೋನ್‌ಗೆ ಸೇರಿಕೊಳ್ಳುವ ಆ್ಯಪ್. ಹಂತ 6ರಲ್ಲಿ ಕಲಿತ ಎಕ್ಸ್‌ಟೆನ್ಷನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮನೆಯವರು ಬೈಯುತ್ತಾರೆ ಎಂದು ಮುಚ್ಚಿಟ್ಟು ಕಳೆದ ಗಂಟೆಗಳಲ್ಲೇ ದುಡ್ಡು ಕೈತಪ್ಪುತ್ತದೆ. ಮೋಸ ಹೋಗುವುದು ದಡ್ಡತನ ಅಲ್ಲ ಎಂದು ತರಗತಿಯಲ್ಲಿ ಮತ್ತೆ ಮತ್ತೆ ಹೇಳಿ.

ಹಂಚಿಕೊಂಡ ಯಂತ್ರದಲ್ಲಿ ಬ್ರೌಸರ್‌ನ ಗೆಸ್ಟ್ ವಿಂಡೋ, ಅಂದರೆ ಮುಚ್ಚಿದ ಮೇಲೆ ಲಾಗಿನ್ ಉಳಿಸಿಕೊಳ್ಳದ ಕಿಟಕಿ, ಮಾತ್ರ ಬಳಸಲಿ. ಡೌನ್‌ಲೋಡ್ ಆದ ಆಧಾರ್ ಪ್ರತಿಯನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಯೇ ಏಳಬೇಕು. ಪ್ರತಿ ಕೊಡಲೇಬೇಕಾದಾಗ, ಸಾಧ್ಯವಿದ್ದ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡುವುದನ್ನು ಕಲಿಸಿ.

## ತರಗತಿ ಹಳಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದಾರೆ, ಕೀಬೋರ್ಡ್ ಸದ್ದೇ ಇಲ್ಲ: ನೀವು ಜಾಸ್ತಿ ಮಾತಾಡುತ್ತಿದ್ದೀರಿ.

ಅರ್ಥ ಆಯ್ತಾ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ: ಆ ಪ್ರಶ್ನೆಯನ್ನೇ ಬಿಡಿ, ಮಾಡಿ ತೋರಿಸಿ ಎನ್ನಿ.

ಒಬ್ಬರು ಎರಡು ತರಗತಿ ಸತತವಾಗಿ ಬಂದಿಲ್ಲ: ಅಂದೇ ಫೋನ್ ಮಾಡಿ. ಮೂರನೆಯದಕ್ಕೂ ಬಾರದವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಫೋನ್‌ನಲ್ಲಿ ಯಾಕೆ ಬಂದಿಲ್ಲ ಎಂದು ವಿಚಾರಣೆ ಬೇಡ. "ಅಕ್ಕಾ, ಶುಕ್ರವಾರ ಹಳೆಯ ಪಾಠವನ್ನೇ ಮತ್ತೆ ಮಾಡ್ತಿದ್ದೇವೆ, ಬನ್ನಿ" ಎಂದರೆ ಸಾಕು.

ಸಹಾಯಕರನ್ನು ಕರೆಯುವವರು ದಿನಾ ಅದೇ ಇಬ್ಬರು: ಉಳಿದವರಿಗೆ ಎಲ್ಲ ಬಂದಿದೆ ಎಂದಲ್ಲ. ಕೇಳದೆ ಕೂತವರ ಹಿಂದೆ ಹೋಗಿ ನಿಂತು ನೋಡಿ.

## ಹಂತ 11: ಪರೀಕ್ಷೆ ಮತ್ತು ಮುಂದಿನ ದಾರಿ (11 ಮತ್ತು 12ನೇ ವಾರ)

ಪ್ರಶ್ನೆಪತ್ರಿಕೆ ಬೇಡ, ಕೆಲಸ ಕೊಡಿ. ಸೇರುವ ದಿನ ಅವರೇ ಹೇಳಿದ ಕೆಲಸ. ಅವರು ಇದುವರೆಗೆ ಕೂರದ ಯಂತ್ರ, ಹಾಳೆ ಇಲ್ಲ, ಸಹಾಯಕರಿಲ್ಲ. ಸಮಯದ ಮಿತಿ ಹಾಕಬೇಡಿ, ಆದರೆ ಎಲ್ಲಿ ಎಷ್ಟು ಹೊತ್ತು ನಿಂತರು ಎಂದು ಬರೆದುಕೊಳ್ಳಿ. ಮುಂದಿನ ಗುಂಪಿನ ಪಾಠ ತಿದ್ದಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಪಾಠ ಮುಗಿದು ಒಂದು ತಿಂಗಳ ಮೇಲೆ ಒಂದು ಸಂಜೆ ಕರೆದು ಅದೇ ಕೆಲಸ ಮತ್ತೆ ಮಾಡಿಸಿ. ಆಗ ಮಾಡಿದರೆ ಬಂದಿದೆ ಎಂದು ಅರ್ಥ.

ಸರ್ಟಿಫಿಕೇಟ್ ಬೇಕಾದವರಿಗೆ ದಾರಿ ಸರಿಯಾಗಿ ಹೇಳಿ. ನಿಮ್ಮ ಸಂಘದ ಪ್ರಮಾಣಪತ್ರವನ್ನು ನೌಕರಿಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಸೇರುವಾಗಲೇ ತಿಳಿಸಿರಬೇಕು. ಮಹಾರಾಷ್ಟ್ರ ಸರ್ಕಾರದ ಹಲವು ಹುದ್ದೆಗಳಿಗೆ ಕೇಳುವುದು ಎಂಕೆಸಿಎಲ್ ಸಂಸ್ಥೆ 2001ರಿಂದ ನಡೆಸುತ್ತಿರುವ ಎಂಎಸ್-ಸಿಐಟಿ. ಕೇಂದ್ರದ ನೈಲಿಟ್ ಸಂಸ್ಥೆಯ ಸಿಸಿಸಿ 80 ಗಂಟೆಯ ಕೋರ್ಸ್, ಪರೀಕ್ಷೆಗೆ ಸ್ವಂತವಾಗಿ ಓದಿಕೊಂಡೂ ಕೂರಬಹುದು. ಟೈಪಿಸ್ಟ್ ಹುದ್ದೆಗೆ ಹೋಗುವವರಿಗೆ ಟೈಪಿಂಗ್ ಪ್ರಮಾಣಪತ್ರ ಬೇರೆಯೇ ಬೇಕು. ಯಾವುದಕ್ಕೆ ಹೋಗುತ್ತಾರೋ ಆ ಹುದ್ದೆಯ ಜಾಹೀರಾತನ್ನು ತರಿಸಿ, ಅವರ ಕೈಯಲ್ಲೇ ಓದಿಸಿ, ಆಮೇಲೆ ಫೀಸ್ ಕಟ್ಟಲು ಹೇಳಿ.

ಚೆನ್ನಾಗಿ ಕಲಿತ ಒಬ್ಬರಿಬ್ಬರನ್ನು ಮುಂದಿನ ಗುಂಪಿಗೆ ಸಹಾಯಕರಾಗಿ ಕರೆಯಿರಿ. ತೀರಾ ಚುರುಕಾದವರನ್ನಲ್ಲ, ಕಷ್ಟಪಟ್ಟು ಕಲಿತವರನ್ನು. ಡಬಲ್ ಕ್ಲಿಕ್‌ಗೆ ಒಂದು ವಾರ ಒದ್ದಾಡಿದ ಅಕ್ಕನಿಗೆ ಹೊಸಬರ ಕೈ ಎಲ್ಲಿ ತಪ್ಪುತ್ತಿದೆ ಎಂದು ನಿಮಗಿಂತ ಮೊದಲು ಕಾಣುತ್ತದೆ. ಅವರ ಹೋಗಿಬರುವ ಖರ್ಚನ್ನು ಸಂಘ ಕೊಡಲಿ, ಮತ್ತು ಮೊದಲ ದಿನವೇ ಕೈ ಹಿಂದೆ ಕಟ್ಟಿಕೊಳ್ಳುವ ನಿಯಮ ಅವರಿಗೂ ಹೇಳಿ.